ದಣಿಯ ಮನೆಯ ಬ್ರೂನೋ

ಗೇಟಿನ ಚಿಲಕ ಹಾಕಿರಲಿಲ್ಲ. ನಳಿನಾಕ್ಷಿ ಅದನ್ನು ಗಮನಿಸುವಷ್ಟರಲ್ಲಿ ಕಡ್ಲೆ ಮುಂದೆ ಹೆಜ್ಜೆಯಿಡದೆ ನಿಂತುಬಿಟ್ಟಿತ್ತು.

ಕಡ್ಲೆ ಅವರ ಮನೆಯ ನಾಯಿ. ಮೊಣಕಾಲಿನ ಎತ್ತರಕ್ಕೂ ಬಾರದ ಬಿಳಿಯ ಪೊಮೆರೇನಿಯನ್. ಮಗಳು ಪ್ರೇಕ್ಷಾ ಹಟ ಹಿಡಿದು ತಂದದ್ದು. ಹಟ ಮಗಳದಾದರೂ ಬೆಳಿಗ್ಗೆ ಅದನ್ನು ತಿರುಗಾಡಿಸುವ ಕೆಲಸ, ಎಲ್ಲ ಮನೆಗಳಲ್ಲಿ ಆಗುವಂತೆ, ತಾಯಿಯ ಕೊರಳಿಗೇ ಬಿದ್ದಿತ್ತು. ಕೋಪರಖೈರಣೆಯ ಆ ಸೆಕ್ಟರಿನಲ್ಲಿ ಅವರ ಕಟ್ಟಡದಿಂದ ಮೈದಾನಕ್ಕೆ ಹೋಗಲು ನೆಟ್ಟಗಿನ ದಾರಿ ಒಂದೇ. ಆ ದಾರಿಯ ತಿರುವಿನಲ್ಲಿದ್ದ ರೋ-ಹೌಸ್ ರಮಾಕಾಂತರದು. ರಮಾಕಾಂತರು ಘಣಸೋಲಿ ಸ್ಟೇಷನ್ನಿನ ಎದುರಿನ ಶಾಕಾಹಾರಿ ಹೋಟೆಲಿನ ಮಾಲೀಕರು. ನಳಿನಾಕ್ಷಿಯ ಗಂಡ ದೇವದಾಸ ಆ ಹೋಟೆಲಿನ ಗಲ್ಲೆಯ ಮೇಲೆ ಹಣ ಎಣಿಸುತ್ತ ಕುಳಿತು ತಲೆ ನರೆಸಿಕೊಂಡವನು. ಅವನ ಬಾಯಲ್ಲಿ ರಮಾಕಾಂತರಿಗೆ ಹೆಸರೇ ಇರಲಿಲ್ಲ. ‘ದಣಿ’ ಎಂಬುದೊಂದೇ ಇತ್ತು.

ಗೇಟು ಒಳಗಿನಿಂದ ತಳ್ಳಿಸಿಕೊಂಡು ತೆರೆಯಿತು. ಹೊರಬಂದದ್ದು ಬ್ರೂನೋ, ಕರುವಿನಷ್ಟು ದಪ್ಪದ ಕಪ್ಪು ರಾಟ್‌ವೀಲರ್. ಕೊರಳಲ್ಲಿ ಪಟ್ಟಿ ಇತ್ತು, ಪಟ್ಟಿಗೆ ಹಗ್ಗವಿರಲಿಲ್ಲ. ನಳಿನಾಕ್ಷಿ ಕಡ್ಲೆಯನ್ನು ಎತ್ತಿ ಎದೆಗೊತ್ತಿಕೊಂಡಳು. ಮರುಕ್ಷಣವೇ ಎರಡು ಕಾಲುಗಳು ಅವಳ ಭುಜದ ಮೇಲಿದ್ದವು. ಸೊಂಟ ರಸ್ತೆಗೆ ಬಡಿಯಿತು. ಕಣ್ಣಿನ ಮುಂದೆ ಕೆಂಪು ಬಾಯಿ, ಕಿವಿಯೊಳಗೆ ಕಡ್ಲೆಯ ಕಿರುಚಾಟ.

“ಬ್ರೂನೋ, ನೋ. ಬ್ರೂನೋ, ಕಮ್.”

ಮೊಬೈಲಿನಿಂದ ಕಣ್ಣೆತ್ತುತ್ತ ರಮಾಕಾಂತರ ಮಗ ಮನೀಶ ಬಂದ. ನಾಲ್ಕು ಬಾರಿ ಕರೆಸಿಕೊಂಡ ಮೇಲೆ ಬ್ರೂನೋ ಹಿಂದೆ ಸರಿಯಿತು.

“ಎತ್ತಿದ್ದು ಯಾಕೆ ಆಂಟಿ? ಎತ್ತಿದ್ರೆ ಅದಕ್ಕೆ ಆಟ ಅಂತ ಆಗ್ತದೆ. ಕುಛ್ ನಹೀ ಕರ್ತಾ ವೋ, ಏನೂ ಮಾಡಲ್ಲ.”

“ಕಿವಿ ಹರ್ದಿದೆ, ಮನೀಶಣ್ಣ. ರಕ್ತ ಬರ್ತಾ ಉಂಟು.”

ಅವನು ಅವಳ ಮಗಳ ವಯಸ್ಸಿನವನು; ಆದರೂ ದಣಿಯ ಮಗನಾದ್ದರಿಂದ ಅವನು ‘ಅಣ್ಣ’.

“ಅಷ್ಟಕ್ಕೆಲ್ಲ ಏನಾಗಲ್ಲ. ಸ್ವಲ್ಪ ಹಲ್ದಿ ಹಚ್ಚಿ,” ಎಂದು ಅವನು ಒಳಗೆ ಹೋದ. ಬಿದ್ದವಳಿಗೆ ಕೈ ಕೊಡಬೇಕೆಂಬುದು ಅವನಿಗೆ ಹೊಳೆಯಲೂ ಇಲ್ಲ.

ಸಂಜೆ ದೇವದಾಸ ಊಟಕ್ಕೆ ಕುಳಿತಾಗ ಅವಳು ಬಂಗುಡೆಯ ಪುಳಿಮುಂಚಿಯನ್ನು ತಟ್ಟೆಗೆ ಬಡಿಸಿ ವಿಷಯ ತೆಗೆದಳು. ಅವನು ಮುಳ್ಳು ಬಿಡಿಸುತ್ತಲೇ ಕೇಳಿದ. ಕೇಳಿ ಮುಗಿಸಿ ನುಡಿದ:

“ಆ ಕಡೆ ಹೋಗೋದು ಬಿಡು. ಮಾರ್ಕೆಟಿನ ಹಿಂದಿನ ದಾರಿ ಇಲ್ವಾ?”

“ಅಲ್ಲಿ ಟೆಂಪೊಗಳು ರಿವರ್ಸ್ ತಗೊಳ್ತವೆ. ನಡೀಲಿಕ್ಕೆ ಜಾಗ ಇಲ್ಲ.”

“ಹಾಗಾದ್ರೆ ಹೊತ್ತು ಬದಲಾಯಿಸು.”

ಪ್ರೇಕ್ಷಾ ಕಡ್ಲೆಯ ಕಿವಿಗೆ ಮುಲಾಮು ಹಚ್ಚುತ್ತಿದ್ದವಳು ತಲೆಯೆತ್ತಿದಳು. “ಪಪ್ಪಾ, ಅವರ ಕುತ್ತಾ, ಅವರ ಗಲತಿ. ಬದಲಾಗೋದು ನಾವಾ? ಒಂದು ಕಾಲ್ ಮಾಡಿ. ಲೀಶ್ ಬಾಂಧೋ ಅಂತ ಹೇಳ್ಲಿಕ್ಕೆ ಏನು ಕಷ್ಟ?”

“ದಣಿಗೆ ಫೋನು ಮಾಡಿ ನಾಯಿ ಕಟ್ಟಿ ಅನ್ಲಿಕ್ಕೆ ನಾನ್ಯಾರು?”

“ಅವರ ಮ್ಯಾನೇಜರ್.”

“ಅದಕ್ಕೇ ಹೇಳುವುದು, ಸುಮ್ಮನಿರು ಅಂತ.”

ಗೋಡೆಗೊರಗಿ ಕುಳಿತಿದ್ದ ನಳಿನಾಕ್ಷಿಯ ಅತ್ತೆ ಅಕ್ಕು ಎಲೆಯಡಿಕೆ ಜಜ್ಜುವುದನ್ನು ನಿಲ್ಲಿಸಿದಳು. “ಈರುಳ್ಳಿ ಸಹ ಒಳಗೆ ತಾರದ ಮನೆ. ಅಲ್ಲಿ ಹುಲಿ ಸಾಕಿದ್ದಾರೆ. ಒಳ್ಳೆ ಚಂದ ಮಾರಾಯ.”

ಪ್ರೇಕ್ಷಾ ನಕ್ಕಳು. ದೇವದಾಸ ನಗಲಿಲ್ಲ. ನಳಿನಾಕ್ಷಿ ಸೊಂಟ ಹಿಡಿದುಕೊಂಡೇ ತಟ್ಟೆಗಳನ್ನು ಎತ್ತಿದಳು. ಬಿದ್ದದ್ದು ಎಲ್ಲಿ, ನೋವು ಎಷ್ಟು ಎಂದು ಗಂಡ ಕೇಳಿರಲಿಲ್ಲ.

ಅಂದಿನಿಂದ ಬ್ರೂನೋ ಹೊರಬೀಳುವ ಹೊತ್ತನ್ನು ನೋಡಿಕೊಂಡು ಇವರ ಮನೆ ಏಳತೊಡಗಿತು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ನಳಿನಾಕ್ಷಿ ರಸ್ತೆಯಲ್ಲಿ; ಅವಳು ಮರಳುವಷ್ಟರಲ್ಲಿ ನೀರು ನಿಂತಿರುತ್ತಿತ್ತು. ಪ್ರೇಕ್ಷಾಳ ಡಬ್ಬಿ ತಡವಾಗಿ, ಅವಳ ಲೋಕಲ್ ತಪ್ಪುತ್ತಿತ್ತು. ದೇವದಾಸನ ಸ್ನಾನದ ನೀರು ಕಾಯದೆ ಅವನು ಗೊಣಗುತ್ತಿದ್ದ. ಬೆನ್ನ ಮೇಲೆ ಹಿಡಿಕೆಯಿದ್ದ ಎದೆಪಟ್ಟಿಯೊಂದನ್ನು ಮಗಳು ಕಡ್ಲೆಗೆ ತರಿಸಿದಳು. ಎಳೆದರೆ ನಾಯಿ ಚೀಲದಂತೆ ಮೇಲೇಳುತ್ತಿತ್ತು. ತಾಯಿಯ ಕೈಗೆ ಛತ್ರಿ ಕೊಟ್ಟು ಪಾಠ ಹೇಳಿದಳು.

“ದೊಡ್ಡದು ಬಂತು ಅಂದ್ರೆ ಓಡ್ಬೇಡ. ಛತ್ರಿ ಎದುರು ಖೋಲ್ನಾ, ಬಿಚ್ಚಿ ಹಿಡಿ. ಕಡ್ಲೆನ ನಿನ್ನ ಹಿಂದೆ ಇಟ್ಕೋ.”

ಒಣ ಬಿಸಿಲಿನಲ್ಲಿ ಛತ್ರಿ ಹಿಡಿದು, ಪ್ರತಿ ತಿರುವಿನಲ್ಲೂ ಕತ್ತು ಚಾಚಿ ನೋಡಿ ನಡೆಯುವ ತನ್ನನ್ನು ಕಂಡು ಎದುರಿನ ಅಂಗಡಿಯವರು ನಗುವುದನ್ನು ನಳಿನಾಕ್ಷಿ ನೋಡಿದಳು. ಕಳ್ಳತನ ಮಾಡಿದವರು ತಲೆಯೆತ್ತಿ ನಡೆಯುತ್ತಾರೆ. ತಾನು ಮುಖ ಮರೆಸಿಕೊಂಡು ನಡೆಯಬೇಕು. ಒಮ್ಮೆ ಮನೀಶ ಬೈಕಿನ ಮೇಲಿಂದಲೇ ಕೂಗಿದ: “ಆಂಟಿ, ಬಾರಿಶ್ ಇದೆಯಾ?”

ಆ ದಿನ ಅವಳು ಮನೆಗೆ ಬಂದವಳೇ ಛತ್ರಿಯನ್ನು ಮೂಲೆಗೆಸೆದಳು.

ಆಗಲೇ ಅಕ್ಕು ತನ್ನ ಉಪಾಯ ಹೇಳಿದ್ದು.

“ಅನ್ನ ಹಾಕಿದ ಕೈಯನ್ನು ನಾಯಿ ಕಚ್ಚುವುದಿಲ್ಲ. ಮನುಷ್ಯರದ್ದಾದ್ರೆ ಹೇಳ್ಲಿಕ್ಕಾಗುದಿಲ್ಲ. ನಾಳೆಯಿಂದ ಕಡ್ಲೆಯನ್ನು ನಾನು ಕರ್ಕೊಂಡು ಹೋಗ್ತೇನೆ.”

ಅಕ್ಕುವಿನ ಗಂಡ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಲೇ ಬಾಳು ಮುಗಿಸಿದವನು. ಕಾವಲಿಯ ಮೊದಲ ದೋಸೆ ಗಿರಾಕಿಗಲ್ಲ, ಮನೆಯವರಿಗೂ ಅಲ್ಲ, ಕಾಗೆಗೋ ನಾಯಿಗೋ ಸೇರಬೇಕೆಂಬುದು ಅವನು ಬಿಟ್ಟುಹೋದ ಕಟ್ಟಳೆ. ಕಡ್ಲೆ ಬಂದ ಮೇಲೆ ಆ ದೋಸೆ ದಿನವೂ ಕಡ್ಲೆಯ ಪಾಲಾಗಿತ್ತು; ಕಾವಲಿಗೆ ಹಿಟ್ಟು ಬಿದ್ದ ಸದ್ದಿಗೆ ಅದು ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತಿತ್ತು. ಈಗ ಅಕ್ಕು ಆ ದೋಸೆಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಕಡ್ಲೆ ಸೆರಗನ್ನೇ ನೋಡುತ್ತ ಹಿಂದೆಯೇ ನಡೆಯಿತು.

ಮೊದಲ ದಿನ ಬ್ರೂನೋ ಗೇಟಿನ ಸರಳುಗಳ ನಡುವಿನಿಂದ ಮೂತಿ ತೂರಿಸಿ ದೋಸೆಯನ್ನು ಒಂದೇ ಗುಕ್ಕಿಗೆ ನುಂಗಿತು. ನಾಲ್ಕಾರು ದಿನಗಳಲ್ಲಿ ಅಕ್ಕುವಿನ ಚಪ್ಪಲಿಯ ಸದ್ದಿಗೆ ಗೇಟಿನ ಬಳಿ ಬಂದು ಬಾಲವಾಡಿಸತೊಡಗಿತು. ಮನೀಶ ನೋಡಿ ನಕ್ಕ. “ಅಜ್ಜಿ, ಇದಕ್ಕೆ ಚಟ್ನಿ ಬೇಡ್ವಾ?”

ದೇವದಾಸನಿಗೆ ಖುಷಿಯೋ ಖುಷಿ. “ನೋಡಿದ್ಯಾ ನಳಿನಿ? ಜಗಳದಲ್ಲಿ ಆಗದ್ದು ದೋಸೆಯಲ್ಲಿ ಆಯ್ತು. ಹೋಟೆಲಿನವರ ಬುದ್ಧಿ ಅಂದ್ರೆ ಇದು.”

ಒಂದು ಬೆಳಿಗ್ಗೆ ನಳಿನಾಕ್ಷಿಯೂ ಜೊತೆಗೆ ಹೋದಳು. ಬ್ರೂನೋ ದೋಸೆ ತಿನ್ನುತ್ತಿರುವಾಗ ಕಡ್ಲೆ ಸರಳಿನ ಹತ್ತಿರ ಮೂಗು ಚಾಚಿತು. ಬಾಲವಾಡಿಸುತ್ತಿದ್ದ ದೊಡ್ಡ ನಾಯಿ ಕಲ್ಲಾಯಿತು. ಗಂಟಲೊಳಗಿನಿಂದ ಒಂದು ಸದ್ದು ಬಂತು, ಮಸಾಲೆ ರುಬ್ಬುವ ಗ್ರೈಂಡರಿನ ಸದ್ದು.

“ಮಾಮಿ, ಇದು ಸರಿ ಕಾಣುದಿಲ್ಲ,” ನಳಿನಾಕ್ಷಿ ಅತ್ತೆಗೆ ಹೇಳಿದಳು. “ಕೊಡುವುದಾದ್ರೆ ಕಡ್ಲೆಯನ್ನು ಬಿಟ್ಟು ಬನ್ನಿ.”

“ಅದನ್ನು ಬಿಟ್ಟು ಬಂದ್ರೆ ಇವನಿಗೆ ಅದರ ಗುರ್ತ ಆಗುವುದು ಹೇಗೆ? ಒಂದೇ ದೋಸೆ ತಿಂದ ಬಾಯಿಗಳು ಹೊಂದಿಕೊಳ್ತವೆ.”

“ತಿನ್ನುವುದು ಒಂದೇ ಬಾಯಿ ಅಲ್ವಾ ಮಾಮಿ?”

“ನಿನಗೆ ಎಲ್ಲದ್ರಲ್ಲೂ ಕೊಕ್ಕೆ,” ಎಂದು ಅಕ್ಕು ಮುಂದೆ ನಡೆದಳು.

ಪ್ರೇಕ್ಷಾ ಕೂಡ ಮೊಬೈಲಿನಲ್ಲಿ ಓದಿ ಅಜ್ಜಿಗೆ ಹೇಳಿದಳು, ತಿನ್ನುವಾಗ ನಾಯಿಯ ಮುಂದೆ ಇನ್ನೊಂದು ನಾಯಿಯನ್ನು ನಿಲ್ಲಿಸಬಾರದು ಎಂದು. ನಿನ್ನ ಮೊಬೈಲು ನಾಯಿ ಸಾಕಿದೆಯಾ ಎಂದು ಅಜ್ಜಿ ಕೇಳಿದಳು. ಅಲ್ಲಿಗೆ ಮಾತು ನಿಂತಿತು. ಆ ಮಾತನ್ನು ಅಲ್ಲಿಗೆ ಬಿಡಬಾರದಿತ್ತು ಎಂದು ನಳಿನಾಕ್ಷಿ ಆಮೇಲೆ ಎಷ್ಟು ಸಲ ಹಲ್ಲು ಕಚ್ಚಿದಳೋ.

ಆ ಭಾನುವಾರ ಅವಳು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಕೆಳಗೆ ರಸ್ತೆ ಕಾಣುತ್ತಿತ್ತು. ಮನೀಶ ಕಾರನ್ನು ಹೊರಗೆ ನಿಲ್ಲಿಸಿ ತೊಳೆಯುತ್ತಿದ್ದ. ಪಕ್ಕದ ಕಟ್ಟಡದ ವಾಚ್‌ಮನ್ ಶಂಭು ಅವನಿಗೆ ಬಕೆಟ್ ನೀರು ತಂದುಕೊಡುತ್ತಿದ್ದ. ಕಾರು ಹೊರಗಿದ್ದ ಕಾರಣ ಗೇಟು ಇಡಿಯಾಗಿ ತೆರೆದಿತ್ತು. ಅಕ್ಕು ಒಂದು ಕೈಯಲ್ಲಿ ಕಡ್ಲೆಯ ಹಗ್ಗ, ಇನ್ನೊಂದರಲ್ಲಿ ದೋಸೆ ಹಿಡಿದು ತಿರುವಿನತ್ತ ನಡೆಯುತ್ತಿದ್ದಳು.

“ಮಾಮಿ, ನಿಲ್ಲಿ,” ನಳಿನಾಕ್ಷಿ ಕೂಗಿದಳು. ಯಾರದೋ ಮನೆಯ ಮಿಕ್ಸರಿನ ಸದ್ದಿನಲ್ಲಿ ಆ ಕೂಗು ಮುಳುಗಿತು.

ಬ್ರೂನೋ ಓಡಿಬಂತು. ಬಂದದ್ದು ಕಚ್ಚಲಿಕ್ಕಲ್ಲ, ದೋಸೆಗೆ. ಬಾಲ ಆಡುತ್ತಲೇ ಇತ್ತು. ನಡುವೆ ಸರಳುಗಳಿಲ್ಲದೆ ಬ್ರೂನೋವನ್ನು ಅಷ್ಟು ಹತ್ತಿರದಿಂದ ಕಂಡ ಅಕ್ಕು ಹಿಂದೆ ಸರಿದಳು, ಕೈಯಿಂದ ದೋಸೆ ನೆಲಕ್ಕೆ ಬಿತ್ತು. ಎಷ್ಟೋ ದಿನಗಳಿಂದ ತನ್ನ ದೋಸೆ ಇನ್ನೊಬ್ಬರ ಬಾಯಿಗೆ ಬೀಳುವುದನ್ನು ನೋಡುತ್ತ ನಿಂತಿದ್ದ ಕಡ್ಲೆ ಮುನ್ನುಗ್ಗಿತು.

ನಳಿನಾಕ್ಷಿ ಮೆಟ್ಟಿಲುಗಳನ್ನು ಹೇಗಿಳಿದಳೋ ಅವಳಿಗೇ ತಿಳಿಯದು. ರಸ್ತೆಗೆ ಬಂದಾಗ ಕಡ್ಲೆಯ ಕುತ್ತಿಗೆ ಬ್ರೂನೋದ ಬಾಯಲ್ಲಿತ್ತು. ಅಕ್ಕು ಆ ಬಾಯೊಳಗೆ ತನ್ನ ಕೈ ತುರುಕಿದ್ದಳು. ಮನೀಶ ಕಾರು ಒರೆಸುವ ಬಟ್ಟೆ ಹಿಡಿದೇ ಕಿರುಚುತ್ತಿದ್ದ. ಶಂಭು ಬಕೆಟ್ ನೀರನ್ನು ಬ್ರೂನೋದ ಮುಖಕ್ಕೆ ಎರಚಿ, ಖಾಲಿ ಬಕೆಟನ್ನು ಅದರ ತಲೆಗೆ ಕವುಚಿದ. ಬಾಯಿ ಬಿಟ್ಟಿತು. ಅಕ್ಕು ಕುಸಿದು ಕುಳಿತಳು. ಅಂಗೈಯಿಂದ ರಕ್ತ ಕಾರು ತೊಳೆದ ನೀರಿಗೆ ಹರಿಯಿತು.

“ಅಜ್ಜಿಯೇ ಕರೆದದ್ದು,” ಮನೀಶ ಹೇಳಿದ. “ಕ್ಯಾಮೆರಾ ಇದೆ ಆಂಟಿ. ದಿನಾ ಅಜ್ಜಿಯೇ ತಿನ್ನಿಸಿ ಅಭ್ಯಾಸ ಮಾಡಿದ್ದು. ಮೈನೇ ತೋ ಬೋಲಾ ನಹೀ ಥಾ, ನಾನು ಹೇಳಿದ್ದಲ್ಲ.”

ನಳಿನಾಕ್ಷಿ ಅತ್ತೆಯ ಕೈಯನ್ನು ತನ್ನ ದುಪಟ್ಟಾದಿಂದ ಬಿಗಿದಳು. ಓಡಿಬಂದ ಪ್ರೇಕ್ಷಾ ಕಡ್ಲೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ರಿಕ್ಷಾದಲ್ಲಿ ನಾಯಿ ಡಾಕ್ಟರಲ್ಲಿಗೆ ಹೋದಳು. ಅಕ್ಕುವನ್ನು ಪಾಲಿಕೆಯ ಆಸ್ಪತ್ರೆಗೆ ಕರೆದೊಯ್ದಾಗ ದೇವದಾಸ ಹೋಟೆಲಿನಿಂದ ನೇರವಾಗಿ ಅಲ್ಲಿಗೆ ಬಂದ. ಬರುವ ಮೊದಲೇ ಅವನಿಗೆ ದಣಿಯ ಮನೆಯಿಂದ ಫೋನು ಬಂದಿತ್ತೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಡಾಕ್ಟರು ಗಾಯ ತೊಳೆಯುತ್ತ ಕೇಳಿದರು: “ಪಾಳಲೇಲಾ ಕೀ ಭಟಕಾ?” ಸಾಕಿದ ನಾಯಿಯೋ, ಬೀದಿಯದೋ?

“ಭಟಕಾ,” ದೇವದಾಸ ಹೇಳಿದ.

ಅಕ್ಕು ಮಗನನ್ನು ನೋಡಿದಳು. ನಳಿನಾಕ್ಷಿ ಬಾಯಿ ತೆರೆದಳು. ಮೇಜಿನ ಕೆಳಗೆ ಗಂಡನ ಕೈ ಅವಳ ಮಣಿಕಟ್ಟನ್ನು ಒತ್ತಿ ಹಿಡಿಯಿತು. ಸಾಕಿದ್ದಾದರೆ ಅದರ ಲಸಿಕೆ ವಿಚಾರಿಸಬಹುದಿತ್ತು, ಹತ್ತು ದಿನ ಕಣ್ಣಿಡಬಹುದಿತ್ತು, ಬೀದಿಯದಾದರೆ ಏನೂ ಹೇಳಲಾಗದು ಎನ್ನುತ್ತ ಡಾಕ್ಟರು ಗಾಯದೊಳಕ್ಕೇ ಸೂಜಿ ಇಳಿಸಿದರು. ಅಕ್ಕು ಅಳಲಿಲ್ಲ. ಮಗನ ಮುಖದಿಂದ ಕಣ್ಣು ತೆಗೆಯಲೂ ಇಲ್ಲ.

ಹೊರಗೆ ಬಂದ ಮೇಲೆ ನಳಿನಾಕ್ಷಿ ಕೇಳಿದಳು: “ನಿಮ್ಮ ಅಮ್ಮನ ಕೈ ಅದು. ಗೊತ್ತುಂಟಲ್ಲ?”

“ಸಾಕಿದ್ದು ಅಂದ್ರೆ ಯಾರದ್ದು ಅಂತ ಕೇಳ್ತಾರೆ. ಪೊಲೀಸು, ಕೇಸು. ನಾಳೆ ನಾನು ಯಾವ ಮುಖ ಇಟ್ಕೊಂಡು ಗಲ್ಲೆಯಲ್ಲಿ ಕೂರ್ಬೇಕು? ಮದ್ದು ಹೇಗೂ ಒಂದೇ.”

“ಮದ್ದು ಒಂದೇ. ಸುಳ್ಳು ಯಾರಿಗೆ?”

ಅವನು ರಿಕ್ಷಾ ಕರೆದ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಕ್ಕುವಿಗೆ ನಳಿನಾಕ್ಷಿ ತುತ್ತು ಮಾಡಿ ತಿನ್ನಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಕಡ್ಲೆ ಬದುಕಿತು. ಕುತ್ತಿಗೆಯ ಸುತ್ತ ಹೊಲಿಗೆ, ಅದನ್ನು ಕೆರೆದುಕೊಳ್ಳದಂತೆ ತಲೆಯ ಸುತ್ತ ತೊಡಿಸಿದ ಪ್ಲಾಸ್ಟಿಕ್ಕಿನ ಕೊಳವೆ. ಕೆಳಗಿನಿಂದ ಯಾವ ನಾಯಿಯ ಬೊಗಳು ಕೇಳಿದರೂ ಅದು ಕುಳಿತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ನಳಿನಾಕ್ಷಿ ಒರೆಸುತ್ತಿದ್ದಳು. ಒರೆಸುವಾಗೆಲ್ಲ ಅವಳ ಕೈ ನೆಲವನ್ನು ಉಜ್ಜುವ ಬಲ ಹೆಚ್ಚುತ್ತಿತ್ತು.

“ತಪ್ಪು ನನ್ನದೇ,” ಅಕ್ಕು ಒಮ್ಮೆ ಹೇಳಿದಳು. “ಹಾವಿಗೆ ಹಾಲೆರೆದ ಹಾಗಾಯ್ತು.”

“ದೋಸೆ ಕೊಟ್ಟದ್ದು ನೀವು ಮಾಮಿ. ಗೇಟು ತೆರೆದಿಟ್ಟದ್ದು ನೀವಲ್ಲ. ಭಟಕಾ ಅಂದದ್ದೂ ನೀವಲ್ಲ.”

ಕೆಳಗಿನ ರಸ್ತೆಯಲ್ಲಿ ಬ್ರೂನೋ ಹಗ್ಗವಿಲ್ಲದೆ ಎಂದಿನಂತೆ ತಿರುಗುತ್ತಲೇ ಇತ್ತು. ಒಂದು ಬೆಳಿಗ್ಗೆ ಶಾಲೆಯ ವ್ಯಾನಿಗೆ ಕಾಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳ ಬ್ಯಾಗನ್ನು ಅದು ಮೂಸುವುದನ್ನು ನಳಿನಾಕ್ಷಿ ಬಾಲ್ಕನಿಯಿಂದ ಕಂಡಳು. ಹುಡುಗಿ ಅಳುತ್ತ ಗೋಡೆಗೆ ಅಂಟಿಕೊಂಡಳು. “ಕುಛ್ ನಹೀ ಕರ್ತಾ,” ಎಂಬ ಮನೀಶನ ದನಿ ಮೇಲಿನವರೆಗೂ ಕೇಳಿಸಿತು.

ಆ ಸಂಜೆ ದೇವದಾಸ ಬೇಗ ಬಂದ. ಹಿಂದೆ ರಮಾಕಾಂತರು. ಕೈಯಲ್ಲಿ ಸೇಬು, ದಾಳಿಂಬೆಯ ಚೀಲ. ಈ ಮನೆಗೆ ಅವರು ಕಾಲಿಟ್ಟದ್ದು ಇದೇ ಮೊದಲು. ದೇವದಾಸ ಸೋಫಾದ ಮೇಲಿನ ಬಟ್ಟೆಗಳನ್ನು ತಾನೇ ಎತ್ತಿ, ಒರೆಸಿ, ಕೂರಿಸಿದ.

“ನಳಿನಿ, ದಣಿಗೆ ಕಾಫಿ.”

ಕಾಫಿ ಮೇಜಿಗೆ ಬಂತು. ರಮಾಕಾಂತರು ಲೋಟ ಮುಟ್ಟಲಿಲ್ಲ. ಅಕ್ಕುವಿನ ಕೈಯ ಬ್ಯಾಂಡೇಜನ್ನು ನೋಡಿ ನಿಟ್ಟುಸಿರಿಟ್ಟರು.

“ಏನು ಮಾಡ್ಲಿಕ್ಕಾಗ್ತದೆ ಅಕ್ಕಮ್ಮ. ಬೀದಿ ನಾಯಿಗಳ ಕಾಟ ಬಹಳ ಆಗಿದೆ. ನಮ್ಮ ದೇವದಾಸ ಹೇಳಿದ. ಪಾಲಿಕೆಯಲ್ಲಿ ನಮ್ಮವರು ಇದ್ದಾರೆ, ಗಾಡಿ ಕಳಿಸ್ಲಿಕ್ಕೆ ಹೇಳ್ತೇನೆ. ಎಲ್ಲವನ್ನೂ ಹಿಡ್ಕೊಂಡು ಹೋಗ್ಲಿ.”

ಪ್ರೇಕ್ಷಾಳ ತೊಡೆಯ ಮೇಲೆ ಕಡ್ಲೆ ಕೊಳವೆಯೊಳಗೆ ಮುಖ ಹುದುಗಿಸಿ ನಡುಗುತ್ತಿತ್ತು. ತಾವು ಹೇಳಿದ ಸುಳ್ಳನ್ನು ತಮಗೇ ಉಡುಗೊರೆ ಕೊಡಲು ಈ ಮನುಷ್ಯ ಹಣ್ಣಿನ ಚೀಲದ ಜೊತೆ ಬಂದಿದ್ದ.

“ದಣಿಗಳೇ,” ನಳಿನಾಕ್ಷಿ ನಿಂತಲ್ಲಿಂದಲೇ ಕೇಳಿದಳು, “ನಿಮ್ಮ ಬ್ರೂನೋಗೆ ಹುಚ್ಚುನಾಯಿಯ ಚುಚ್ಚುಮದ್ದು ಕೊಡಿಸಿದ್ದೀರಾ?”

“ಬ್ರೂನೋ? ಬ್ರೂನೋನ ಮಾತು ಇಲ್ಲಿ ಯಾಕೆ ಬಂತು?”

“ಅವರ ಕೈ ಕಚ್ಚಿದ್ದು ಅದೇ. ಈ ಮೂಕಪ್ರಾಣಿಯ ಕುತ್ತಿಗೆ ಹಿಡಿದದ್ದೂ ಅದೇ. ನಿಮ್ಮ ಕ್ಯಾಮೆರಾದಲ್ಲಿ ಉಂಟಂತೆ, ನಿಮ್ಮ ಮಗನೇ ಹೇಳಿದ.”

ದೇವದಾಸ ಎದ್ದ. “ನಳಿನಿ, ಒಳಗೆ ಹೋಗು.”

ರಮಾಕಾಂತರು ಕೈಯೆತ್ತಿ ಅವನನ್ನು ತಡೆದರು. ಅವರ ದನಿ ಏರಲಿಲ್ಲ. ಹೋಟೆಲಿನಲ್ಲಿ ಸಪ್ಲೈಯರನನ್ನು ವಿಚಾರಿಸುವ ಮೆಲುದನಿ. “ಇರ್ಲಿ. ಹೆಂಗಸರಿಗೆ ಗಾಬರಿ ಆಗಿರ್ತದೆ. ದೇವದಾಸ, ನೀನು ಹೇಳು. ಬೀದಿ ನಾಯಿಯಾ, ನಮ್ಮದಾ?”

ಎಲ್ಲರೂ ಅವನನ್ನೇ ನೋಡಿದರು. ಅಕ್ಕು ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಂದ ಎತ್ತಿ ಮಗನ ಎದುರಿಗೆ ಹಿಡಿದಳು, ಏನನ್ನೋ ಬೇಡುವವಳಂತೆ. ನಳಿನಾಕ್ಷಿಗೆ ಒಂದು ಕ್ಷಣ ಅನಿಸಿತು, ಅವನು ಹೇಳುತ್ತಾನೆ. ಅವನ ತುಟಿ ಅಲುಗಿತು.

“ಇವಳು ನೋಡಿದ್ದು ಮೇಲಿಂದ, ದಣಿ. ದೂರದಿಂದ. ಸರಿಯಾಗಿ ಕಂಡಿರ್ಲಿಕ್ಕಿಲ್ಲ.”

ಪ್ರೇಕ್ಷಾ ಉಸಿರೆಳೆದಳು. “ಪಪ್ಪಾ, ಶರಮ್ ನಹೀ ಆತೀ? ನಾಚಿಕೆ ಆಗಲ್ವಾ?”

“ಬಾಯಿ ಮುಚ್ಚು.”

“ಅವಳ ಬಾಯಿ ಮುಚ್ಚಿಸ್ಬೇಡ,” ಅಕ್ಕು ಹೇಳಿದಳು. ಕೈಯನ್ನು ಕೆಳಗಿಳಿಸಿದಳು. “ನಿನ್ನ ಬಾಯಿಯನ್ನು ನೀನೇ ಮಾರಿಕೊಂಡಿದ್ದೀಯಲ್ಲ, ಅಷ್ಟು ಸಾಕು ಈ ಮನೆಗೆ.”

ನಳಿನಾಕ್ಷಿ ಅತ್ತೆಯ ಹತ್ತಿರ ಹೋಗಿ ಅವಳ ಭುಜ ಹಿಡಿದು ಎಬ್ಬಿಸಿದಳು. “ಏಳಿ ಮಾಮಿ. ಚಪ್ಪಲಿ ಹಾಕ್ಕೊಳ್ಳಿ. ಪ್ರೇಕ್ಷಾ, ಕಡ್ಲೆಯನ್ನು ಎತ್ಕೋ.”

“ಎಲ್ಲಿಗೆ?” ದೇವದಾಸ ಕೇಳಿದ.

“ಕಚ್ಚಿದ್ದು ಯಾರು ಅಂತ ಹೇಳ್ಲಿಕ್ಕೆ. ನೀವು ದಣಿಯ ಜೊತೆ ಕೂತ್ಕೊಳ್ಳಿ. ಕಾಫಿ ಆರ್ತಾ ಉಂಟು.”

ಮೂವರು ಹೆಂಗಸರು ಆ ಇಬ್ಬರು ಗಂಡಸರ ನಡುವಿನಿಂದ ಹಾದು ಮೆಟ್ಟಿಲಿಳಿದರು. ತಿರುವಿನಲ್ಲಿ ಮನೀಶ ಗೇಟಿಗೊರಗಿ ನಿಂತಿದ್ದ. ಬ್ರೂನೋ ರಸ್ತೆಯ ನಡುವೆ ಮಲಗಿತ್ತು. ನಳಿನಾಕ್ಷಿ ಕಡ್ಲೆಯಿದ್ದ ಮಗಳನ್ನೂ ಅತ್ತೆಯನ್ನೂ ತನ್ನ ಬೆನ್ನ ಹಿಂದೆ ನಿಲ್ಲಿಸಿದಳು.

“ಮನೀಶ, ಅದನ್ನು ಒಳಗೆ ಕಟ್ಟು.”

‘ಅಣ್ಣ’ ಬಿದ್ದುಹೋದದ್ದನ್ನು ಅವನೂ ಕೇಳಿಸಿಕೊಂಡ. “ಆಂಟಿ, ಅದು ಕುಛ್ ನಹೀ...”

“ಕಟ್ಟು ಅಂದೆ.”

ಅವಳ ಮುಖದಲ್ಲಿ ಅವನಿಗೆ ಏನು ಕಂಡಿತೋ, ಬ್ರೂನೋದ ಪಟ್ಟಿಗೆ ಕೈ ಹಾಕಿ ಎಳೆದುಕೊಂಡು ಹೋದ.

ಪೊಲೀಸ್ ಚೌಕಿಯಲ್ಲಿ ಹವಾಲ್ದಾರ ಅಕ್ಕುವಿಗೆ ಕುರ್ಚಿ ಕೊಟ್ಟ. ಕೈಯನ್ನೂ ಕಡ್ಲೆಯ ಹೊಲಿಗೆಯನ್ನೂ ನೋಡಿ ಕಾಗದ ಎಳೆದುಕೊಂಡ.

“ಕೊಣಾಚಾ ಕುತ್ರಾ?” ಯಾರ ನಾಯಿ?

ಇಷ್ಟು ವರ್ಷ ಈ ಊರಿನಲ್ಲಿದ್ದೂ ಮರಾಠಿಯಲ್ಲಿ ತರಕಾರಿ ಕೇಳುವುದಷ್ಟೇ ಬರುತ್ತಿದ್ದ ಅಕ್ಕು ಒಂದೊಂದೇ ಅಕ್ಷರ ಬಿಡಿಸಿ ಮಾಲೀಕರ ಹೆಸರು ಹೇಳಿದಳು. ತಾನು ದೋಸೆ ಹಾಕುತ್ತಿದ್ದದ್ದನ್ನೂ ಮುಚ್ಚಿಡಲಿಲ್ಲ. ಮೊಮ್ಮಗಳು ಅದನ್ನು ಹಿಂದಿಗೆ ತಿರುಗಿಸಿ ಹೇಳಿದಳು. ಆಸ್ಪತ್ರೆಯಲ್ಲಿ ಬೀದಿ ನಾಯಿ ಎಂದದ್ದು ಸುಳ್ಳು, ಅದನ್ನು ಹೇಳಿದ್ದು ತನ್ನ ಗಂಡ, ಎಂದು ನಳಿನಾಕ್ಷಿ ಸೇರಿಸಿದಳು.

ಹವಾಲ್ದಾರ ಪೆನ್ನು ನಿಲ್ಲಿಸಿದ. “ನಿಮ್ಮ ಗಂಡ ಯಾಕೆ ಹಾಗೆ ಹೇಳಿದ್ರು? ಆ ಹೋಟೆಲ್‌ವಾಲಾ ನಿಮಗೇನಾಗಬೇಕು?” ಎಂದು ಹಿಂದಿಯಲ್ಲಿ ಕೇಳಿದ.

“ನನ್ನ ಗಂಡ ಅವರ ನೌಕರಿಯಲ್ಲಿದ್ದಾರೆ.”

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. ಅಷ್ಟು ಹೊತ್ತಿಗೆ ನಳಿನಾಕ್ಷಿಯ ಮೊಬೈಲು ಬಡಿದುಕೊಂಡಿತು. ದೇವದಾಸ. ನಿಂತಿತು. ಮತ್ತೆ ಬಡಿದುಕೊಂಡಿತು. ಅವಳು ಅದನ್ನು ಎತ್ತಲೂ ಇಲ್ಲ, ಆರಿಸಲೂ ಇಲ್ಲ. ಹೆಸರು ಮೇಲೆ ಕಾಣುವಂತೆ ಮೇಜಿನ ಮೇಲಿಟ್ಟಳು. ಕಡ್ಲೆ ಆ ನಡುಕಕ್ಕೆ ಕೊಳವೆಯೊಳಗಿನಿಂದ ತಲೆಯೆತ್ತಿ ನೋಡಿತು.

ಹವಾಲ್ದಾರ ಮೊಬೈಲನ್ನು ನೋಡಿದ, ಅವಳನ್ನು ನೋಡಿದ. ದನಿ ತಗ್ಗಿಸಿದ. “ನೌಕರಿ ಜಾಯೇಗೀ, ತಾಯಿ, ಕೆಲಸ ಹೋಗ್ತದೆ. ಮನೆಗೆ ಹೋಗಿ ಒಮ್ಮೆ ಯೋಚನೆ ಮಾಡಿ. ಬೆಳಿಗ್ಗೆ ಬನ್ನಿ.”

ನಳಿನಾಕ್ಷಿ ಪೆನ್ನನ್ನು ಎತ್ತಿ ಅವನ ಕೈಗೆ ಕೊಟ್ಟಳು.

“ಲಿಹಾ, ಸಾಹೇಬ,” ಎಂದಳು. “ಬರೆಯಿರಿ.”